ಬಿಎಸ್-ಎಂಡಿ ಪ್ರೋಗ್ರಾಮಲ್ಲಿ "ಯಾವ ಮೇಜರ್ ಬೇಕಾದ್ರೂ ಓದಿ" ಅಂತಾರಲ್ಲ, ಅದು ಎಷ್ಟು ನಿಜ ಅಂತ ಅಳೆಯೋದು ಹೇಗೆ

ಅಮೆರಿಕದಲ್ಲಿರೋ ನಮ್ಮ ಕನ್ನಡದ ಅಪ್ಪ-ಅಮ್ಮಂದಿರು, ಆಮೇಲೆ ಹೈಸ್ಕೂಲ್ ಜೂನಿಯರ್ ಸೀನಿಯರ್ ವರ್ಷದ, ಅಂದ್ರೆ ಕೊನೇ ಎರಡು ವರ್ಷದ, ಮಕ್ಕಳು, ಪದೇ ಪದೇ ಎರಡು ಪ್ರಶ್ನೆ ಕೇಳ್ತಾ ಇರ್ತಾರೆ. ಒಂದು, ಬಿಎಸ್-ಎಂಡಿ ಸೀಟು ಸಿಕ್ಕಿಬಿಟ್ರೆ ಮುಂದಿನ ಟೆನ್ಶನ್ ಇಲ್ಲವಲ್ಲ, ಹಾಗಾದ್ರೆ ಕಾಲೇಜಲ್ಲಿ ಇಷ್ಟ ಬಂದಿದ್ದನ್ನ ಮೇಜರ್ ಆಗಿ, ಅಂದ್ರೆ ಮುಖ್ಯ ವಿಷಯವಾಗಿ, ಓದಬಹುದು ಅಲ್ವಾ? ಇನ್ನೊಂದು ಇದರ ಉಲ್ಟಾ, ಬಯಾಲಜಿ ಬಿಟ್ಟು ಹಿಸ್ಟರಿ ಫಿಲಾಸಫಿ ಅಂತ ಹೋದ್ರೆ ಗಮನ ಚದುರಿ ಸೀಟೇ ಕೈ ತಪ್ಪಿಹೋಗಲ್ವಾ? ಎರಡಕ್ಕೂ ಉತ್ತರ ಪ್ರೋಗ್ರಾಮಿನ ಮೇಲೆ ಹೋಗುತ್ತೆ. ಆದ್ರೆ ಬ್ರೋಷರ್ ಓದಿದ್ರೆ ಗೊತ್ತಾಗಲ್ಲ, ಎಲ್ಲಾ ಬ್ರೋಷರಲ್ಲೂ ನಗ್ತಾ ಇರೋ ನಾಲ್ಕು ಜನ ಬಿಳಿ ಕೋಟು ಹಾಕ್ಕೊಂಡು ನಿಂತಿರ್ತಾರೆ ಅಷ್ಟೇ. ಒಂದು ಸಂಜೆ ಪೇಪರ್ ಪೆನ್ನು ಹಿಡ್ಕೊಂಡು ಕೂತ್ರೆ ನೀವೇ ಲೆಕ್ಕ ಹಾಕಬಹುದು, ಅದನ್ನೇ ಇಲ್ಲಿ ಬರೀತಿದ್ದೀನಿ.

ಊರಲ್ಲಿ ಓದ್ತಿರೋರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ಪಿಯುಸಿ ಆಯ್ತು, ನೀಟ್ ಬರೆದ್ರಿ, ಸೀದಾ ಎಂಬಿಬಿಎಸ್, ನಾಲ್ಕೂವರೆ ವರ್ಷ ಓದು ಒಂದು ವರ್ಷ ಇಂಟರ್ನ್‌ಶಿಪ್, ಮುಗೀತು. ಅಮೆರಿಕದಲ್ಲಿ ಹಾಗಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷ ಯಾವುದಾದ್ರೂ ಡಿಗ್ರಿ, ಅದರ ಜೊತೆಗೆ ಎಂಕ್ಯಾಟ್ ಅನ್ನೋ ಏಳೂವರೆ ಗಂಟೆ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಅಲ್ಲಿ ಸಿಗೋ ಡಿಗ್ರಿನೇ ಎಂಡಿ, ನಮ್ಮ ಎಂಬಿಬಿಎಸ್ ಥರದ್ದು. ಬಿಎಸ್-ಎಂಡಿ ಅಥವಾ ಬಿಎ-ಎಂಡಿ ಅಂದ್ರೆ ಈ ಎರಡನ್ನೂ ಹೈಸ್ಕೂಲ್ ಮುಗಿಯೋ ಹೊತ್ತಿಗೇ ಒಟ್ಟಿಗೆ ಕಟ್ಟಿ ಕೊಡೋ ಪ್ರೋಗ್ರಾಮು. ಆರು, ಏಳು, ಎಂಟು ವರ್ಷದ್ದು ಇದಾವೆ.

ಶುರು ಮಾಡೋಕೆ ಏನೇನು ಬೇಕು: ನೀವು ನೋಡ್ತಿರೋ ಪ್ರತಿ ಪ್ರೋಗ್ರಾಮಿನ ಈ ವರ್ಷದ ವೆಬ್‌ಪೇಜು, ಆ ಕಾಲೇಜಿನ ಕೋರ್ಸ್ ಕ್ಯಾಟಲಾಗು (ಯಾವ ಡಿಗ್ರಿಗೆ ಯಾವ ಕೋರ್ಸ್ ಬೇಕು ಅನ್ನೋ ಅಧಿಕೃತ ಪಟ್ಟಿ), ಮಗಳೋ ಮಗನೋ ತಗೊಂಡಿರೋ ಎಪಿ ಕೋರ್ಸುಗಳ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸುಗಳು) ಲಿಸ್ಟು, ಒಂದು ಸ್ಪ್ರೆಡ್‌ಶೀಟು. ಮುಖ್ಯವಾಗಿ ಓದೋ ಮಗು ಪಕ್ಕದಲ್ಲಿ ಕೂತಿರಬೇಕು. ಅಪ್ಪ ಒಬ್ರೇ ಕೂತು ಮಾಡೋ ಸ್ಪ್ರೆಡ್‌ಶೀಟ್ ನಾನು ತುಂಬಾ ನೋಡಿದ್ದೀನಿ, ಕಲರ್ ಕೋಡಿಂಗ್ ಎಲ್ಲಾ ಚೆನ್ನಾಗಿರುತ್ತೆ, ಉಪಯೋಗ ಕಮ್ಮಿ.

1. ಮೊದಲು ಅರ್ಹತೆ ನೋಡಿ, ಆಸೆ ಆಮೇಲೆ

ಇದನ್ನ ಕೊನೇಗೆ ನೋಡಿ ಪೇಚಾಡೋರು ಜಾಸ್ತಿ, ಅದಕ್ಕೇ ಮೊದಲು ಹಾಕಿದ್ದೀನಿ. ಸರ್ಕಾರಿ ಯೂನಿವರ್ಸಿಟಿಗಳ ಎಷ್ಟೋ ಪ್ರೋಗ್ರಾಮು ಆ ರಾಜ್ಯದ ನಿವಾಸಿಗಳಿಗೆ ಮಾತ್ರ ಇಲ್ಲಾ ಅವರಿಗೇ ಆದ್ಯತೆ, ಸುಮಾರು ಕಡೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿರೋ ಅಪ್ಪ-ಅಮ್ಮನ ಮಕ್ಕಳು ಎಚ್-4 ಅನ್ನೋ ಅವಲಂಬಿತರ ವೀಸಾದಲ್ಲಿರ್ತಾರೆ, ಅದು 21 ವರ್ಷಕ್ಕೆ ಮುಗಿಯುತ್ತೆ, ಅಂದ್ರೆ ಪ್ರೋಗ್ರಾಮಿನ ಮಧ್ಯದಲ್ಲೇ ಎಫ್-1 ಅಂದ್ರೆ ಸ್ಟೂಡೆಂಟ್ ವೀಸಾಗೆ ಬದಲಾಗಬೇಕಾಗುತ್ತೆ. ಕಾಲೇಜು ಒಪ್ಪಿದ್ರೂ ಅದಕ್ಕೆ ಜೋಡಿಯಾಗಿರೋ ಮೆಡಿಕಲ್ ಸ್ಕೂಲ್ ಎಫ್-1 ಮಕ್ಕಳನ್ನ ತಗೊಳ್ಳುತ್ತಾ ಅಂತ ಬೇರೆಯಾಗಿ ಕೇಳಿ. ಎರಡೂ ಬೇರೆ ಬೇರೆ ಆಫೀಸು, ಬೇರೆ ಬೇರೆ ರೂಲ್ಸು.

2. ಅವರು ಕೊಡ್ತಿರೋ ಮಾತು ಎಂಥದ್ದು ಅಂತ ಗುರುತಿಸಿ

"ಗ್ಯಾರಂಟಿ" ಅನ್ನೋ ಪದ ಎಲ್ಲಾರೂ ಬಳಸ್ತಾರೆ, ಆದ್ರೆ ಅದರಲ್ಲಿ ಮೂರು ಥರ ಇದೆ.

ಒಂದು, ಸೀಟು ಕಾದಿಟ್ಟಿರ್ತಾರೆ, ಕನಿಷ್ಠ ಶರತ್ತು ಪೂರೈಸಿದ್ರೆ ಸಾಕು, ಎಂಕ್ಯಾಟ್ ಬೇಡ. ಬ್ರೌನ್ ಯೂನಿವರ್ಸಿಟಿಯ ಪಿಎಲ್‌ಎಂಇ, ಅಂದ್ರೆ ಪ್ರೋಗ್ರಾಂ ಇನ್ ಲಿಬರಲ್ ಮೆಡಿಕಲ್ ಎಜುಕೇಶನ್, ಈ ಜಾತಿದು. ಎಂಟು ವರ್ಷ, ಕೊನೇ ನಾಲ್ಕು ವರ್ಷ ಅವರದೇ ವಾರನ್ ಆಲ್ಪರ್ಟ್ ಮೆಡಿಕಲ್ ಸ್ಕೂಲಲ್ಲಿ.

ಎರಡು, ಶರತ್ತಿನ ಸೀಟು. ಇಷ್ಟು ಜಿಪಿಎ (ಕಾಲೇಜಿನ ಗ್ರೇಡುಗಳ ಸರಾಸರಿ), ಇಷ್ಟು ಎಂಕ್ಯಾಟ್, ಇಷ್ಟು ಗಂಟೆ ಆಸ್ಪತ್ರೆ ಅನುಭವ, ಕೆಲವು ಕಡೆ ಮತ್ತೊಂದು ಇಂಟರ್‌ವ್ಯೂ. ಇದೂ ಕೆಟ್ಟದ್ದೇನಲ್ಲ, ಆದ್ರೆ ಇದನ್ನ ಸೀಟು ಅಂತ ಕರೆಯೋ ಬದಲು ರಿಯಾಯಿತಿ ಅಂತ ಕರೀಬೇಕು ಅನ್ನೋದು ನನ್ನ ಅಭಿಪ್ರಾಯ.

ಮೂರು, ಅರ್ಲಿ ಅಶ್ಶೂರೆನ್ಸ್. ಹೈಸ್ಕೂಲಿಂದ ಅಲ್ಲ, ಕಾಲೇಜಿಗೆ ಸೇರಿ ಎರಡನೇ ವರ್ಷದಲ್ಲಿ ಅರ್ಜಿ ಹಾಕೋದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಮೆಡಿಕಲ್ ಸ್ಕೂಲಿನ ಫ್ಲೆಕ್ಸ್‌ಮೆಡ್ ಇದಕ್ಕೆ ಒಳ್ಳೇ ಉದಾಹರಣೆ, ಯಾವ ಮೇಜರ್ ಆದ್ರೂ ಸರಿ, ಎಂಕ್ಯಾಟ್ ಬೇಕಿಲ್ಲ. 17ನೇ ವಯಸ್ಸಿಗೇ ಡಾಕ್ಟರ್ ಆಗ್ತೀನಿ ಅಂತ ಬರೆದುಕೊಡೋಕೆ ಮನಸ್ಸು ಒಪ್ಪದಿರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಈ ದಾರಿ ಗೊತ್ತೇ ಇಲ್ಲ.

ಎಚ್ಚರಿಕೆ: ಪ್ರೋಗ್ರಾಮುಗಳು ಮುಚ್ಚಿಯೂ ಹೋಗ್ತಾವೆ. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಎಚ್‌ಪಿಎಂಇ 1961ರಿಂದ ನಡ್ಕೊಂಡು ಬಂದಿದ್ದ ಹೆಸರಾಂತ ಪ್ರೋಗ್ರಾಮು, ಈಗ ಹೊಸಬರನ್ನ ತಗೊಳ್ತಿಲ್ಲ, ಆದ್ರೂ ಹಳೇ ಲಿಸ್ಟುಗಳಲ್ಲಿ ಇನ್ನೂ ಇದೆ, ವಾಟ್ಸಾಪಲ್ಲಿ ಓಡಾಡ್ತಾನೂ ಇದೆ. ಅಂಥ ಫಾರ್ವರ್ಡ್ ಲಿಸ್ಟು ನಂಬ್ಕೊಂಡು ಅರ್ಜಿ ಪ್ಲಾನ್ ಮಾಡಬೇಡಿ.

3. ಕೋರ್ಸ್ ಲೆಕ್ಕ ಹಾಕಿ. ಇಡೀ ವಿಷಯದ ತಿರುಳೇ ಇದು

"ಯಾವ ಮೇಜರ್ ಆದ್ರೂ ಸರಿ" ಅಂತ ಬರೆದಿರೋದು ಸುಳ್ಳಲ್ಲ. ಆದ್ರೆ ಆ ಮೇಜರ್ ಹಿಡಿಸೋಷ್ಟು ಜಾಗ ಟೈಮ್‌ಟೇಬಲಲ್ಲಿ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಹೀಗೆ ಮಾಡಿ. ಸೆಮಿಸ್ಟರಿಗೆ ನಾಲ್ಕು ಕೋರ್ಸಿರೋ ಕಾಲೇಜು ಅಂತ ಇಟ್ಕೊಳಿ. ನಾಲ್ಕು ವರ್ಷ ಅಂದ್ರೆ ಎಂಟು ಸೆಮಿಸ್ಟರ್, ಒಟ್ಟು 32 ಜಾಗ. ಇದರಲ್ಲಿ ಮೊದಲು ಪ್ರೀಮೆಡ್ ಕೋರ್ಸ್ ಕಳೀರಿ, ಪ್ರೀಮೆಡ್ ಅಂದ್ರೆ ಮೇಜರ್ ಅಲ್ಲ, ಮೆಡಿಕಲ್ ಸ್ಕೂಲ್ ಕೇಳೋ ಕಡ್ಡಾಯ ಕೋರ್ಸುಗಳ ಗುಂಪು. ಬಯಾಲಜಿ ಎರಡು, ಜನರಲ್ ಕೆಮಿಸ್ಟ್ರಿ ಎರಡು, ಆರ್ಗ್ಯಾನಿಕ್ ಎರಡು, ಬಯೋಕೆಮಿಸ್ಟ್ರಿ ಒಂದು, ಫಿಸಿಕ್ಸ್ ಎರಡು, ಮ್ಯಾಥ್ಸ್ ಮತ್ತೆ ಸ್ಟಾಟಿಸ್ಟಿಕ್ಸ್ ಎರಡು, ಇಂಗ್ಲಿಷ್ ಬರವಣಿಗೆ ಎರಡು, ಒಟ್ಟು 13. ಸ್ಕೂಲಿಂದ ಸ್ಕೂಲಿಗೆ ಒಂದೆರಡು ಆಚೆ ಈಚೆ ಆಗುತ್ತೆ. ಉಳೀತು 19.

ಈಗ ಮೇಜರ್. ಬಯಾಲಜಿ ತಗೊಂಡ್ರೆ ಅದರ ಮುಕ್ಕಾಲು ಭಾಗ ಪ್ರೀಮೆಡ್ ಜೊತೆಗೇ ಮುಗಿದಿರುತ್ತೆ, ಹೆಚ್ಚುವರಿ ಐದು ಕೋರ್ಸು ಅಂತ ಇಟ್ಕೊಳಿ, ಉಳಿದಿದ್ದು 14. ಕಾಲೇಜಿನ ಜನರಲ್ ಎಜುಕೇಶನ್, ಅಂದ್ರೆ ಎಲ್ಲಾ ವಿದ್ಯಾರ್ಥಿಗಳೂ ಮುಗಿಸಲೇಬೇಕಾದ ಸಾಮಾನ್ಯ ವಿಷಯಗಳು, ಇನ್ನೊಂದು ಆರು. ಕೊನೆಗೆ ಎಂಟು ಕೋರ್ಸ್ ನಿಮ್ಮ ಸ್ವಂತದ್ದು. ಹಿಸ್ಟರಿ ತಗೊಂಡ್ರೆ ಮೇಜರಿಗೇ ಹತ್ತು ಹೋಗುತ್ತೆ, ಯಾವುದೂ ಪ್ರೀಮೆಡ್ ಜೊತೆ ಸೇರಲ್ಲ, ಆದ್ರೆ ಜನರಲ್ ಎಜುಕೇಶನ್ ಅರ್ಧ ಅದರಲ್ಲೇ ಮುಗಿಯುತ್ತೆ, ಹಾಗಾಗಿ ಮೂರು ಕಳೆದ್ರೆ ಉಳಿಯೋದು ಆರು. ಪರವಾಗಿಲ್ಲ ಅಲ್ವಾ, ಹಿಸ್ಟರಿ ಓದೋಕೆ ಅಂಥಾ ದೊಡ್ಡ ದಂಡ ಏನೂ ಇಲ್ಲ.

ಇದೇ ಲೆಕ್ಕನ ಏಳು ವರ್ಷದ ಪ್ರೋಗ್ರಾಮಿಗೆ ಹಾಕಿ, ಅಲ್ಲಿ ಕಾಲೇಜು ಮೂರೇ ವರ್ಷ, ಅಂದ್ರೆ 24 ಜಾಗ. 13 ಪ್ರೀಮೆಡ್ ಕಳೆದ್ರೆ 11. ಬಯಾಲಜಿಗೆ ಐದು, ಜನರಲ್ ಎಜುಕೇಶನ್ ಆರು, ಸೊನ್ನೆ. ಹಿಸ್ಟರಿಗೆ ಹತ್ತು, ಇನ್ನೊಂದು ಮಿಕ್ಕಿದ್ದು ಅಂದ್ಕೊಳ್ಳೋಷ್ಟರಲ್ಲಿ ಜನರಲ್ ಎಜುಕೇಶನ್ ಮೂರು ಬಾಕಿ ಇದೆ, ಮೈನಸ್ ಎರಡು. ಈ ಮೈನಸನ್ನ ಬೇಸಿಗೆ ಕ್ಲಾಸು, ಎಪಿ ಕ್ರೆಡಿಟ್ಟು, ಸೆಮಿಸ್ಟರಿಗೆ ಐದು ಕೋರ್ಸ್ ಹೊರೋದು, ಹೀಗೆ ಎಲ್ಲಿಂದಾದ್ರೂ ತುಂಬಬೇಕು. ಕೆಲವು ಏಳು ವರ್ಷದ ಪ್ರೋಗ್ರಾಮು ಮೆಡಿಕಲ್ ಸ್ಕೂಲಿನ ಮೊದಲ ವರ್ಷದ ಕ್ರೆಡಿಟನ್ನೇ ಡಿಗ್ರಿಗೂ ಎಣಿಸಿಕೊಳ್ತಾವೆ, ಹಂಗಿದ್ರೆ ಲೆಕ್ಕ ಸುಧಾರಿಸುತ್ತೆ, ಕೇಳಿ ನೋಡಿ.

ಹಾಗಂತ ಏಳು ವರ್ಷದ್ದು ತಗೋಬೇಡಿ ಅಂತ ಹೇಳ್ತಿಲ್ಲ. ಒಂದು ವರ್ಷದ ಫೀಸು ಉಳಿಯೋದು ಸಣ್ಣ ವಿಷಯ ಅಲ್ಲ, ಅದೂ 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರಾಡ್ ಪ್ಲಸ್ ಅನ್ನೋ ಫೆಡರಲ್ ಸಾಲ ಇಲ್ಲ, ಮೆಡಿಕಲ್ ಓದೋರಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಅಷ್ಟೇ. ನೀವು ಒಂದು ವರ್ಷದ ಫೀಸು ಉಳಿಸೋಕೆ ಎಂಟು ಕೋರ್ಸ್ ಬಿಟ್ಟುಕೊಡ್ತಿದ್ದೀರಿ, ಅದು ಗೊತ್ತಿದ್ದು ಬಿಟ್ಟುಕೊಡಿ.

ಇಲ್ಲಿ ಎಲ್ಲಾರೂ ಎಡವೋದು ಎಪಿ ವಿಷಯದಲ್ಲಿ. ಎಪಿ ಕೆಮಿಸ್ಟ್ರಿಯಲ್ಲಿ 5, ಅಂದ್ರೆ ಗರಿಷ್ಠ ಅಂಕ, ಬಂದಿದೆ, ಕಾಲೇಜು ಕ್ರೆಡಿಟ್ ಕೊಡುತ್ತೆ, ಸರಿ. ಆದ್ರೆ ಮೆಡಿಕಲ್ ಸ್ಕೂಲ್ ಆ ಕ್ರೆಡಿಟನ್ನ ಕಡ್ಡಾಯ ಕೋರ್ಸಿನ ಬದಲಿಗೆ ಒಪ್ಪದೇ ಇರಬಹುದು, ಇಲ್ಲಾ ಅದರ ಬದಲು ಮೇಲಿನ ಹಂತದ ಕೋರ್ಸ್ ತಗೊಳ್ಳಿ ಅನ್ನಬಹುದು. ಆಗ ಜಾಗ ಉಳಿಯಲ್ಲ. ಸೈನ್ಸ್ ಎಪಿಗಿಂತ ಹಿಸ್ಟರಿ, ಎಕನಾಮಿಕ್ಸ್, ಭಾಷೆಯ ಎಪಿಗಳು ಜನರಲ್ ಎಜುಕೇಶನ್ ಕಳೆಯೋಕೆ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರ್ತಾವೆ, ಯಾರೂ ಹೇಳಲ್ಲ ಇದನ್ನ.

4. ಜಿಪಿಎ ಗೆರೆ ಎಲ್ಲಿದೆ ನೋಡಿ

ನನ್ನ ಪ್ರಕಾರ ಸ್ವಾತಂತ್ರ್ಯನ ಸದ್ದಿಲ್ಲದೆ ತಿಂದುಹಾಕೋದು ಈ ಗೆರೆ, ಅಂದ್ರೆ ಸೀಟು ಉಳಿಸಿಕೊಳ್ಳೋಕೆ ಬೇಕಾದ ಕನಿಷ್ಠ ಜಿಪಿಎ. ಎಂಕ್ಯಾಟ್ ಎಲ್ಲಾರ ಕಣ್ಣಿಗೂ ಬೀಳುತ್ತೆ, ಇದು ಬೀಳಲ್ಲ.

ನಾಲ್ಕು ಪಾಯಿಂಟಿನ ಲೆಕ್ಕದಲ್ಲಿ ಎ ಅಂದ್ರೆ 4, ಬಿ ಅಂದ್ರೆ 3, ಸಿ ಅಂದ್ರೆ 2. ಮೊದಲ ವರ್ಷ ಎಂಟು ಕೋರ್ಸಲ್ಲಿ ನಾಲ್ಕು ಎ ನಾಲ್ಕು ಬಿ ಬಂದ್ರೆ 3.5. ಎರಡೇ ಬಿ ಬಂದ್ರೆ 3.75. ಅಂದ್ರೆ ಗೆರೆ 3.5ಕ್ಕೆ ಇದ್ರೆ ಮಗು ಅರ್ಧ ಕೋರ್ಸಲ್ಲಿ ಬಿ ತಗೊಂಡೂ ನೆಮ್ಮದಿಯಾಗಿರಬಹುದು, 3.75 ಇದ್ರೆ ಮೂರನೇ ಬಿ ಬಂದ ದಿನವೇ ಸೀಟಿಗೆ ಕುತ್ತು. ಈ ಎರಡನೇ ಥರದ ಪ್ರೋಗ್ರಾಮಲ್ಲಿ ಇರೋ ಹುಡುಗಿ ಕಷ್ಟದ ಫಿಲಾಸಫಿ ಸೆಮಿನಾರಿಗೆ, ಆನರ್ಸ್ ಫಿಸಿಕ್ಸಿಗೆ, ಹೊಸ ಭಾಷೆಗೆ ಕೈ ಹಾಕ್ತಾಳಾ? ಕ್ಯಾಟಲಾಗ್ ಏನೇ ಹೇಳಲಿ ಅವಳು ಸುಲಭವಾಗಿ ಎ ಕೊಡೋ ಕೋರ್ಸನ್ನೇ ಹುಡುಕ್ತಾಳೆ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.

ಹಾಗಾಗಿ ಇಷ್ಟು ಬರ್ಕೊಳ್ಳಿ: ಗೆರೆ ಎಷ್ಟು, ಒಟ್ಟು ಜಿಪಿಎಗೆ ಮಾತ್ರಾನಾ ಅಥವಾ ಸೈನ್ಸ್ ಜಿಪಿಎಗೆ ಬೇರೆ ಗೆರೆ ಇದೆಯಾ, ಪ್ರತಿ ಸೆಮಿಸ್ಟರ್ ನೋಡ್ತಾರಾ, ವರ್ಷಕ್ಕೊಮ್ಮೆನಾ, ಕೊನೇಗೆ ಒಂದೇ ಸಲನಾ, ಒಂದು ಸಲ ಕೆಳಗೆ ಬಿದ್ರೆ ಪ್ರೊಬೇಶನ್, ಅಂದ್ರೆ ಸುಧಾರಿಸಿಕೊಳ್ಳೋಕೆ ಗಡುವು, ಕೊಡ್ತಾರಾ ಅಥವಾ ಸೀದಾ ಹೊರಗಾ, ಸಿ ಬಂದ ಕೋರ್ಸನ್ನ ಮತ್ತೆ ತಗೋಬಹುದಾ. ಜೊತೆಗೆ ಪಾಸ್-ಫೇಲ್ ಆಗಿ, ಅಂದ್ರೆ ಗ್ರೇಡ್ ಎಣಿಸದೆ, ಎಷ್ಟು ಕೋರ್ಸ್ ತಗೋಬಹುದು ಅಂತಲೂ ಕೇಳಿ. ಹೆದರಿಕೆ ಇಲ್ಲದೆ ಹೊಸ ವಿಷಯ ಮುಟ್ಟೋಕೆ ಇರೋ ಬಾಗಿಲು ಅದೇ. ಆದ್ರೆ ಕಡ್ಡಾಯ ಸೈನ್ಸ್ ಕೋರ್ಸನ್ನ ಹಾಗೆ ತಗೊಂಡು ಆಮೇಲೆ ಮೆಡಿಕಲ್ ಸ್ಕೂಲ್ ಗ್ರೇಡ್ ಕೇಳಿದಾಗ ತಲೆ ಮೇಲೆ ಕೈ ಹೊತ್ಕೋಬೇಡಿ.

ಎಂಕ್ಯಾಟ್ ವಿಷಯ ಬೇಗ ಮುಗಿಸ್ತೀನಿ. ಅಂಕ 472ರಿಂದ 528ರವರೆಗೆ, 500 ಮಧ್ಯ. ಪ್ರೋಗ್ರಾಮ್ ಎಂಕ್ಯಾಟ್ ಕೇಳಲ್ಲ, ಅಥವಾ ಸುಮ್ನೆ ಬರೆದ್ರೆ ಸಾಕು ಅನ್ನುತ್ತೆ, ಅಥವಾ ಇಂತಿಷ್ಟು ಬರಲೇಬೇಕು ಅನ್ನುತ್ತೆ. ಮೂರನೇದಾದ್ರೆ ತಯಾರಿಗೆ ಒಂದು ಬೇಸಿಗೆ ಪೂರ್ತಿ ಹೋಗುತ್ತೆ ಅಂತ ನಿಮ್ಮ ಲೆಕ್ಕಕ್ಕೆ ಸೇರಿಸಿ.

5. ಈಗ ಪ್ರೋಗ್ರಾಮುಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ

ಸ್ವಾತಂತ್ರ್ಯದ ಒಂದು ತುದೀಲಿ ಬ್ರೌನ್. ಅಲ್ಲಿ 1969ರಿಂದ ಓಪನ್ ಕರಿಕ್ಯುಲಮ್ ಇದೆ, ಅಂದ್ರೆ ಬರವಣಿಗೆ ಬಿಟ್ರೆ ಎಲ್ಲಾರಿಗೂ ಕಡ್ಡಾಯ ಅನ್ನೋ ವಿಷಯಪಟ್ಟಿನೇ ಇಲ್ಲ, ನಮ್ಮ ಲೆಕ್ಕದ ಜನರಲ್ ಎಜುಕೇಶನ್ ಸಾಲು ಸೀದಾ ಹೊಡೆದುಹಾಕಿ. ರಾಚೆಸ್ಟರ್ ಯೂನಿವರ್ಸಿಟಿಯ ರೆಮ್ಸ್ ಕೂಡ ಎಂಟು ವರ್ಷದ್ದು, ಅಲ್ಲಿ ಮಾನವಿಕ, ಸಮಾಜವಿಜ್ಞಾನ, ವಿಜ್ಞಾನ ಅಂತ ಮೂರು ವಿಭಾಗ, ಮೇಜರ್ ಒಂದು ವಿಭಾಗದಲ್ಲಿ ಇದ್ರೆ ಉಳಿದ ಎರಡು ವಿಭಾಗದಲ್ಲಿ ಮೂರು ಮೂರು ಕೋರ್ಸಿನ ಒಂದೊಂದು ಗುಂಪು ತಗೊಂಡ್ರೆ ಸಾಕು, ಅದಕ್ಕೆ ಕ್ಲಸ್ಟರ್ ಅಂತಾರೆ. ಬಯಾಲಜಿ ಜೊತೆ ಮ್ಯೂಸಿಕ್ ಓದಬೇಕು ಅನ್ನೋ ಮಕ್ಕಳಿಗೆ ಇಂಥ ಜಾಗ ಹಿತ.

ಇನ್ನೊಂದು ತುದೀಲಿ ಕಾನ್ಸಾಸ್ ಸಿಟಿಯ ಯುಎಂಕೆಸಿ. 1971ರಿಂದ ಇರೋ ಆರು ವರ್ಷದ ಬಿಎ-ಎಂಡಿ, ವರ್ಷ ಪೂರ್ತಿ ಓದು, ಬೇಸಿಗೆ ರಜೆ ಅಂತ ನಂಬ್ಕೋಬೇಡಿ, ಆದ್ರೆ ತುಂಬಾ ಬೇಗ ಆಸ್ಪತ್ರೆ ವಾತಾವರಣಕ್ಕೆ ಬೀಳ್ತಾರೆ, ಡೋಸೆಂಟ್ ಅನ್ನೋ ಹಿರಿಯ ಡಾಕ್ಟರ್ ಕೆಳಗೆ ಬೇರೆ ಬೇರೆ ವರ್ಷದವರು ಒಂದೇ ತಂಡದಲ್ಲಿ ಕಲೀತಾರೆ. ನ್ಯೂಯಾರ್ಕ್ ಸಿಟಿಯ ಸಿಟಿ ಕಾಲೇಜಲ್ಲಿರೋ ಕ್ಯುನಿ ಮೆಡಿಕಲ್ ಸ್ಕೂಲ್ ಏಳು ವರ್ಷದ್ದು, ಮೊದಲ ಮೂರು ವರ್ಷಕ್ಕೆ ಬಿಎಸ್, ದಾರಿ ಹೆಚ್ಚುಕಮ್ಮಿ ಮೊದಲೇ ಹಾಕಿಟ್ಟಿದ್ದು. ನಮ್ಮೂರ ಎಂಬಿಬಿಎಸ್ ಥರ ನೇರ ದಾರಿ ಬೇಕು, ಮನಸ್ಸಲ್ಲಿ ಅನುಮಾನ ಇಲ್ಲ ಅನ್ನೋ ಮಗುಗೆ ಇದು ಕಟ್ಟುಪಾಡು ಅನ್ಸೋದೇ ಇಲ್ಲ. ಎಲ್ಲಾರಿಗೂ ಸ್ವಾತಂತ್ರ್ಯ ಒಂದೇ ಪ್ರಮಾಣದಲ್ಲಿ ಬೇಕು ಅಂತೇನಿಲ್ಲ ನೋಡಿ.

ಎಲ್ಲಕ್ಕಿಂತ ಚೆನ್ನಾಗಿ ಅರ್ಥ ಮಾಡಿಸೋದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ಮೆಡಿಕಲ್ ಕಾಲೇಜು. ಒಂದೇ ಮೆಡಿಕಲ್ ಸ್ಕೂಲು, ಸುತ್ತಮುತ್ತಲಿನ ಮೂರು ಕಾಲೇಜಿಂದ ಮೂರು ದಾರಿ. ಸಿಯೆನಾ ಮೂಲಕ ಹೋದ್ರೆ ಎಂಟು ವರ್ಷ, ಮಾನವಿಕ ವಿಷಯಗಳು ಮತ್ತೆ ಸಮಾಜಸೇವೆಗೆ ಒತ್ತು. ಯೂನಿಯನ್ ಕಾಲೇಜಿಂದ ಹೋದ್ರೆ ಅದೂ ಎಂಟು ವರ್ಷ, ಆದ್ರೆ ಮಧ್ಯದಲ್ಲಿ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟಿನ ಮಾಸ್ಟರ್ಸ್ ಕೂಡ ಮಾಡಬೇಕು, ಮೂರು ಡಿಗ್ರಿ ಜೊತೆ ಹೊರಗೆ ಬರ್ತೀರಿ. ಆರ್‌ಪಿಐದು ಏಳು ವರ್ಷ, ಸಂಶೋಧನೆಗೆ ಒತ್ತು. ಕೊನೆಗೆ ಎಂಡಿ ಒಂದೇ. ಹಾಗಾದ್ರೆ ಆಯ್ಕೆ ಮಾಡ್ತಿರೋದು ಮೆಡಿಕಲ್ ಸ್ಕೂಲನ್ನಲ್ಲ, ಅದಕ್ಕೂ ಮುಂಚಿನ ವರ್ಷಗಳನ್ನ. ಮೂರಕ್ಕೂ ಒಂದೇ ಪ್ರಬಂಧನ ಹೆಸರು ಬದಲಾಯಿಸಿ ಕಳಿಸೋರು ಇದಾರೆ, ಓದೋರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತೆ.

6. ಸಿಕ್ಕ ಜಾಗನ ಏನು ಮಾಡ್ತೀರಿ ಅಂತ ಮೊದಲೇ ಯೋಚನೆ ಮಾಡಿ

ಎಂಟು ಕೋರ್ಸ್ ಖಾಲಿ ಸಿಕ್ತು ಅಂತಿಟ್ಕೊಳ್ಳಿ. ಸಂತೆಗೆ ಹೋದವರ ಚೀಲದ ಥರ ಅದರಲ್ಲಿ ಒಂದು ಕೋರ್ಸ್ ಸೈಕಾಲಜಿ, ಒಂದು ಕೋಡಿಂಗ್, ಒಂದು ಸ್ಪ್ಯಾನಿಶ್, ಒಂದು ಯೋಗ ಅಂತ ತುಂಬಿಸಿದ್ರೆ ನಾಲ್ಕು ವರ್ಷ ಆದ್ಮೇಲೆ ಯಾವುದೂ ಕೈಗೆ ಹತ್ತಿರಲ್ಲ. ನನ್ನ ಸಲಹೆ, ಎಂಟರಲ್ಲಿ ಐದನ್ನ ಒಂದೇ ಎಳೆಗೆ ಕೊಡಿ, ಮೂರನ್ನ ಸುಮ್ನೆ ಕುತೂಹಲಕ್ಕೆ ಬಿಡಿ. ಎಳೆ ಅಂದ್ರೆ ಸ್ಟಾಟಿಸ್ಟಿಕ್ಸ್ ಆಗಬಹುದು, ಸಾರ್ವಜನಿಕ ಆರೋಗ್ಯ ಆಗಬಹುದು, ದಕ್ಷಿಣ ಏಷ್ಯಾದ ಇತಿಹಾಸ ಆಗಬಹುದು. ಐದನೇ ಕೋರ್ಸಿಗೆ ಬರೋ ಹೊತ್ತಿಗೆ ಪ್ರೊಫೆಸರ್ ಹೆಸರು ಹಿಡಿದು ಕರೀತಾರೆ, ಸಣ್ಣ ಸಂಶೋಧನೆಗೆ ಅವಕಾಶ ಸಿಗುತ್ತೆ, ಶಿಫಾರಸು ಪತ್ರಕ್ಕೆ ಯಾರನ್ನ ಕೇಳೋದು ಅಂತ ಪರದಾಡಬೇಕಿಲ್ಲ.

ಇನ್ನೊಂದು ಕಡೆ ಬೀಳೋರು ಎಲ್ಲಾ ಖಾಲಿ ಜಾಗಕ್ಕೂ ಅನಾಟಮಿ, ಇಮ್ಯುನಾಲಜಿ, ಫಾರ್ಮಕಾಲಜಿ ತುಂಬಿಸೋರು, ಮೆಡಿಕಲ್ ಸ್ಕೂಲಲ್ಲಿ ಸುಲಭ ಆಗ್ಲಿ ಅಂತ. ಅದೇ ಪಾಠನ ಮತ್ತೆ ಅಲ್ಲೇ ಹೇಳಿಕೊಡ್ತಾರೆ ಸ್ವಾಮಿ, ಯಾಕೆ ಆತುರ. ಸೈನ್ಸ್ ಕಮ್ಮಿ ಓದಿದ್ರೆ ಡಾಕ್ಟರ್ ಆಗೋಕೆ ಆಗಲ್ಲ ಅನ್ನೋ ಭಯಕ್ಕೂ ಒಂದು ಉತ್ತರ ಇದೆ. ಮೌಂಟ್ ಸೈನಾಯ್ 1987ರಿಂದ ಹ್ಯುಮ್ಯಾನಿಟೀಸ್ ಓದ್ತಿರೋ ಮಕ್ಕಳನ್ನ ಎಂಕ್ಯಾಟ್ ಇಲ್ಲದೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತೆ ಫಿಸಿಕ್ಸ್ ಕಡ್ಡಾಯ ಮಾಡದೆ ತಗೊಳ್ತಿತ್ತು, 2010ರಲ್ಲಿ ಅವರ ಸಾಧನೆನ ಉಳಿದವರ ಜೊತೆ ಹೋಲಿಸಿ ಪ್ರಕಟಿಸಿದ್ರು. ಲೈಸೆನ್ಸ್ ಪರೀಕ್ಷೆಯ ಮೊದಲ ಹಂತ ಸ್ಟೆಪ್ 1ರಲ್ಲಿ ಅವರ ಅಂಕ ಸ್ವಲ್ಪ ಕಮ್ಮಿ, ಒಟ್ಟಾರೆ ಸಾಧನೇಲಿ ಉಳಿದವರಿಗೆ ಸಮ. ಆ ಸ್ಟೆಪ್ 1 ಕೂಡ 2022ರ ಜನವರಿಯಿಂದ ಬರೀ ಪಾಸ್-ಫೇಲ್. ಇದು ಒಂದು ಸ್ಕೂಲಿನ, ಆರಿಸಿ ತಗೊಂಡ ಮಕ್ಕಳ ಫಲಿತಾಂಶ, ಎಲ್ಲಾರಿಗೂ ಅನ್ವಯ ಅಂತ ಎಳೀಬೇಡಿ, ಆದ್ರೆ ಹಿಸ್ಟರಿ ಓದಿದ್ರೆ ಹಾಳಾಗ್ತಾರೆ ಅನ್ನೋ ವಾದ ನಿಲ್ಲಲ್ಲ.

ಅಪ್ಪ-ಅಮ್ಮಂದಿರಿಗೆ: ಮಗು ಕಾಲೇಜಿಗೆ ಸೇರಿದ ಮೇಲೆ ಫರ್ಪಾ ಅನ್ನೋ ಫೆಡರಲ್ ಕಾನೂನಿನ ಪ್ರಕಾರ ಅದರ ಗ್ರೇಡ್ ದಾಖಲೆ ಮೇಲಿನ ಹಕ್ಕು ಮಗುದೇ. ಫೀಸ್ ಕಟ್ತೀನಿ, ಮಾರ್ಕ್ಸ್ ಕೊಡಿ ಅಂತ ಕಾಲೇಜಿಗೆ ಫೋನ್ ಮಾಡಿದ್ರೆ ಸಾಮಾನ್ಯವಾಗಿ ಮಗುವಿನ ಒಪ್ಪಿಗೆ ಇದೆಯಾ ಅಂತ ಕೇಳ್ತಾರೆ. ಜಿಪಿಎ ಗೆರೆ ಹತ್ರ ಬಂದಾಗ ಮಗು ತಾನಾಗೇ ಬಂದು ಹೇಳೋ ಹಾಗೆ ಮನೇಲಿ ಈಗಿಂದಾನೇ ಮಾತುಕತೆ ಇರಲಿ.

7. ಹೊರಗೆ ಹೋಗೋ ಬಾಗಿಲು ಎಲ್ಲಿದೆ ಅಂತ ಕೇಳಿ

ಇದನ್ನ ಕೇಳೋಕೆ ಎಲ್ಲಾರಿಗೂ ಸಂಕೋಚ, ಮದುವೆ ಮಾತುಕತೇಲಿ ಡೈವೋರ್ಸ್ ಎತ್ತಿದಂಗೆ ಆಗುತ್ತೇನೋ ಅಂತ. ಕೇಳಿ ಪರವಾಗಿಲ್ಲ, ಆದ್ರೆ ಇಂಟರ್‌ವ್ಯೂನಲ್ಲಿ ಅಲ್ಲ, ಸೀಟು ಕೈಗೆ ಬಂದ ಮೇಲೆ ಇಮೇಲಲ್ಲಿ.

ಬೇರೆ ಮೆಡಿಕಲ್ ಸ್ಕೂಲಿಗೂ ಅರ್ಜಿ ಹಾಕಿದ್ರೆ ಈ ಸೀಟು ಉಳಿಯುತ್ತಾ ಹೋಗುತ್ತಾ? ಕೆಲವು ಕಡೆ ಅರ್ಜಿ ಹಾಕಿದ ಕ್ಷಣಕ್ಕೇ ಹೋಯ್ತು. ಮಧ್ಯದಲ್ಲಿ ಒಂದು ವರ್ಷ ಬಿಡುವು ತಗೊಂಡು ಸಂಶೋಧನೆ ಮಾಡಬಹುದಾ? ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಬಹುದಾ? ಮೇಜರ್ ಬದಲಾಯಿಸೋಕೆ ಯಾರ ಒಪ್ಪಿಗೆ ಬೇಕು? ಮೆಡಿಸಿನ್ ಬೇಡ ಅನ್ಸಿದ್ರೆ ಅದೇ ಕಾಲೇಜಲ್ಲಿ ಬರೀ ಡಿಗ್ರಿ ಮುಗಿಸಬಹುದಾ, ಆಗ ಸ್ಕಾಲರ್‌ಶಿಪ್ ಗತಿ ಏನು? ಈ ಕೊನೇ ಪ್ರಶ್ನೆಗೋಸ್ಕರವಾದ್ರೂ ಒಂದು ಕೆಲಸ ಮಾಡಿ, ಮೆಡಿಕಲ್ ಸೀಟು ಇಲ್ಲದಿದ್ರೂ ಈ ಕಾಲೇಜಿಗೆ ಸೇರ್ತಿದ್ದೆಯಾ ಅಂತ ಮಗುನ ಕೇಳಿ. ಇಲ್ಲ ಅಂದ್ರೆ ಆ ಪ್ರೋಗ್ರಾಮು ಲಿಸ್ಟಲ್ಲಿ ಕೆಳಗೆ ಹೋಗಬೇಕು.

8. ತಾರೀಖುಗಳು ಮತ್ತೆ ಕಾಗದ ಪತ್ರ

ಸುಮಾರು ಪ್ರೋಗ್ರಾಮುಗಳ ಅರ್ಜಿ ಗಡುವು ಮಾಮೂಲಿ ಕಾಲೇಜಿಗಿಂತ ಮುಂಚೆ, ನವೆಂಬರ್ ಹೊತ್ತಿಗೇ ಬಂದುಬಿಡುತ್ತೆ, ಹಾಗಾಗಿ ಮೇಲಿನ ಲೆಕ್ಕವೆಲ್ಲ ಸೀನಿಯರ್ ವರ್ಷ ಶುರುವಾಗೋ ಮುಂಚಿನ ಬೇಸಿಗೇಲೇ ಮುಗಿಸಿ. ಇಂಟರ್‌ವ್ಯೂಗಳು ಚಳಿಗಾಲದಿಂದ ಮಾರ್ಚ್‌ವರೆಗೆ. ಹೌದು ಅಥವಾ ಇಲ್ಲ ಅನ್ನೋಕೆ ಸಾಮಾನ್ಯವಾಗಿ ಮೇ 1 ಕೊನೇ ದಿನ.

ಒಪ್ಪಿಗೆ ಕೊಡೋ ಮುಂಚೆ ಜಿಪಿಎ ಗೆರೆ, ಎಂಕ್ಯಾಟ್, ಎಪಿ, ಬೇರೆ ಕಡೆ ಅರ್ಜಿ, ಬಿಡುವಿನ ವರ್ಷ, ಈ ಐದರ ಉತ್ತರನೂ ಬರವಣಿಗೇಲಿ ತರಿಸ್ಕೊಳ್ಳಿ, ಫೋನಲ್ಲಿ ಯಾರೋ ಪರವಾಗಿಲ್ಲ ಅಂದ್ರು ಅನ್ನೋದು ಮೂರು ವರ್ಷ ಆದ್ಮೇಲೆ ಲೆಕ್ಕಕ್ಕೆ ಬರಲ್ಲ, ಆ ಹೊತ್ತಿಗೆ ಅವರೇ ಕೆಲಸ ಬಿಟ್ಟಿರ್ತಾರೆ. ಮಗು ಸೇರೋ ವರ್ಷದ ಕ್ಯಾಟಲಾಗು ಮತ್ತೆ ಪ್ರೋಗ್ರಾಮ್ ಪೇಜನ್ನ ಪಿಡಿಎಫ್ ಮಾಡಿ, ತಾರೀಖು ಹಾಕಿ, ಎರಡು ಕಡೆ ಉಳಿಸಿಡಿ. ವೆಬ್‌ಪೇಜು ಪ್ರತಿ ವರ್ಷ ಬದಲಾಗ್ತಿರುತ್ತೆ, ನಾಳೆ ರೂಲ್ಸ್ ಬಗ್ಗೆ ತಕರಾರು ಬಂದ್ರೆ ಸೇರಿದ ವರ್ಷದಲ್ಲಿ ಏನು ಬರೆದಿತ್ತು ಅಂತ ತೋರಿಸೋಕೆ ಆ ಪಿಡಿಎಫೇ ಬೇಕಾಗೋದು.